ಇಪ್ಪತ್ತನಾಲ್ಕನೆಯ ಷರತ್ತು

ಎದುರಾಳಿಯ ಇಪ್ಪತ್ತಮೂರನೆಯ ಷರತ್ತನ್ನು ಮಗಳು ಓದಿ ಹೇಳಿದ್ದೇ ತಡ, ಐತಪ್ಪನವರು ತಮ್ಮ ಹೋಟೆಲಿನ ಮೇಜಿಗೆ ಒಂದು ಗುದ್ದು ಗುದ್ದಿದರು. ಚಟ್ನಿಯ ಬಟ್ಟಲು ಎಗರಿ ಬಿತ್ತು.

"ಅಮಾವಾಸ್ಯೆ ದಿನ ಮೈಯಿಂದ ರಕ್ತ ಬರಬಾರದಂತಾ? ಮೊನ್ನೆ ಚರ್ಮದ ಗ್ಲೌಸು ಬೇಡ ಅಂದರು. ಅದಕ್ಕಿಂತ ಮೊದಲು ಊಟ ಆದ ಮೇಲೆ ಹೊಟ್ಟೆಗೆ ಗುದ್ದಬಾರದು ಅಂದರು. ಈ ಡಾಕ್ಟ್ರಿಗೆ ಹೆದರಿಕೆ ಮಾರಾಯ್ತಿ, ಬರೇ ಹೆದರಿಕೆ! ಒಪ್ಪುವುದಿಲ್ಲ ಅಂತ ಬರಿ."

"ಓಕೆ ಪಪ್ಪಾ," ಎಂದು ಮಗಳು ವಿಜೇತಾ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಳು. ಅವಳು ಸಾಲಿಸಿಟರ್. ಕರಾರುಪತ್ರದ ಕೆಲಸವನ್ನು ಎರಡೂ ಕಡೆಯವರು ಅವಳಿಗೇ ಒಪ್ಪಿಸಿದ್ದರು. "ನಿಮ್ಮ ಸೈಡಿಂದ ಏನಾದ್ರೂ?"

"ಮೊದಲೇ ಹೇಳಿ ಕಳಿಸಿದ್ದೇನಲ್ಲ, ಬ್ಯಾನರಿನಲ್ಲಿ ನನ್ನ ಹೆಸರು ಮೇಲೆ ಬರಬೇಕು. ರಿಂಗಿನಲ್ಲಿ ನೈಋತ್ಯ ಮೂಲೆ ನನಗೆ. ರಾಹುಕಾಲದಲ್ಲಿ ಗಂಟೆ ಹೊಡೆಯುವ ಹಾಗಿಲ್ಲ."

ಕನ್ನಡ ಶಾಲೆಯ ಸಹಾಯಾರ್ಥ 'ಲಂಡನ್ ಕನ್ನಡಿಗರ ಐತಿಹಾಸಿಕ ಮುಷ್ಟಿಯುದ್ಧ' ವೆಂಬ್ಲಿಯಲ್ಲಿ ನಡೆಯುವುದಿತ್ತು. ವೆಂಬ್ಲಿ ಎಂದರೆ ಸ್ಟೇಡಿಯಂ ಅಲ್ಲ, ಈಲಿಂಗ್ ರೋಡಿನ ಹಿಂದಿರುವ ಬ್ಯಾಡ್ಮಿಂಟನ್ ಹಾಲು. ಒಂದು ಕಡೆ ಧಾರವಾಡದ ಡಾಕ್ಟರ್ ಶರಣಬಸವ, ಒಂದು ಕಾಲದ ಯೂನಿವರ್ಸಿಟಿ ಚಾಂಪಿಯನ್. ಇನ್ನೊಂದು ಕಡೆ ರೇನರ್ಸ್ ಲೇನ್‌ನಲ್ಲಿ ಹೋಟೆಲ್ ಇಟ್ಟುಕೊಂಡಿರುವ ಉಡುಪಿ ಕಡೆಯ ಐತಪ್ಪ. ಕಾಲೇಜಿನಲ್ಲಿದ್ದಾಗ ತಾವು ಗುದ್ದಿ ಮಲಗಿಸಿದವರ ಕಥೆಯನ್ನು ಇಪ್ಪತ್ತೈದು ವರ್ಷಗಳಿಂದ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಹೇಳುತ್ತ ಬಂದವರು. ಮೊದಮೊದಲು ಮಲಗಿದವರು ಆರು ಜನ ಇದ್ದರು, ಈಚೆಗೆ ಹದಿನಾಲ್ಕು ಆಗಿದ್ದರು.

ನಿಜ ಹೇಳಬೇಕೆಂದರೆ, ಕಾಲೇಜಿನ ಬಾಕ್ಸಿಂಗ್ ತಂಡದಲ್ಲಿ ಐತಪ್ಪನವರು ಹಿಡಿದದ್ದು ನೀರಿನ ಬಕೆಟ್. ಸುತ್ತು ಮುಗಿದ ಕೂಡಲೇ ಓಡಿ ಹೋಗಿ, ಆಡಿದವನ ಮುಖ ಒರೆಸಿ, ನೀರು ಕುಡಿಸಿ, ಗಂಟೆ ಹೊಡೆಯುವುದರೊಳಗೆ ಬಕೆಟ್ ಎತ್ತಿಕೊಂಡು ಆಚೆ ಬರಬೇಕು. ಆ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿದ್ದರು, ಪಾಪ. ಆದರೆ ಮಗಳಿಗೆ ವಿಜೇತಾ ಎಂದು ಹೆಸರಿಟ್ಟ ಮೇಲೆ ಬಕೆಟ್ ಹೊತ್ತ ಕಥೆ ಹೇಳಲು ನಾಲಿಗೆ ಬರಲಿಲ್ಲ. ಅವಳು ಚಿಕ್ಕವಳಿದ್ದಾಗ ಅಪ್ಪನ ಗುದ್ದಾಟದ ಕಥೆ ಇಲ್ಲದೆ ತುತ್ತು ಎತ್ತುತ್ತಿರಲಿಲ್ಲ. ಕಳೆದ ವರ್ಷ ಊರಿಗೆ ಹೋಗಿ, ಅಪ್ಪನ ಹಳೆಯ ಗೆಳೆಯರನ್ನೆಲ್ಲ ಮಾತಾಡಿಸಿ ಬಂದ ಮೇಲೆ ಮಾತ್ರ ಯಾಕೋ ಆ ಸುದ್ದಿ ಎತ್ತಿರಲಿಲ್ಲ. ಈಗ ಅವಳ ಕಣ್ಣೆದುರಿಗೇ ಬಣ್ಣ ಬಯಲಾಗುತ್ತದಲ್ಲ ಎಂಬ ಭಯದ ಮುಂದೆ ಐತಪ್ಪನವರಿಗೆ ಮೂಗಿನ ಮೂಳೆಯ ಚಿಂತೆ ಏನೇನೂ ಅಲ್ಲ. ಹಾಗಾಗಿ ಡಾಕ್ಟರರ ಒಂದೊಂದು ಷರತ್ತು ಬಂದಾಗಲೂ ಹೊರಗೆ ಗುಡುಗಿ, ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದರು.

ಅಷ್ಟರಲ್ಲಿ ಹೋಟೆಲಿನ ಬಾಗಿಲು ತಳ್ಳಿಕೊಂಡು ಡಾಕ್ಟರೇ ಒಳಗೆ ಬಂದರು.

"ಏನ್ರೀ ಐತಪ್ಪನವರ, ಎರಡು ತಿಂಗಳಾತು, ಇನ್ನೂ ಕಾಗದ ಮುಗೀವಲ್ದು? ನೈಋತ್ಯ ನಿಮಗಽ ಇರ್ಲಿ, ಬ್ಯಾನರೂ ನಿಮಗಽ ಇರ್ಲಿ. ಎಲ್ಲಾ ಒಪ್ಪೀನಿ. ಶನಿವಾರ ಆಡೂಣು ಬರ್ರಿ!"

ಐತಪ್ಪನವರು ಬಿದ್ದ ಚಟ್ನಿಯ ಬಟ್ಟಲನ್ನು ಎತ್ತಿಟ್ಟರು. "ಮತ್ತೆ ನಿಮ್ಮ ಷರತ್ತುಗಳು? ಅಮಾವಾಸ್ಯೆ? ಚರ್ಮದ ಗ್ಲೌಸು?"

"ನಾ ಯಾವ ಷರತ್ತು ಹಾಕೀನ್ರೀ? ಮೊದಲನೇ ಕಾಗದಕ್ಕಽ ಸಹಿ ಮಾಡಿ ಕೊಟ್ಟೀನಲ್ಲ!"

ಐತಪ್ಪನವರು ಮಗಳ ಮುಖ ನೋಡಿದರು. ಮಗಳು ಲ್ಯಾಪ್‌ಟಾಪಿನ ಮುಖ ನೋಡಿದಳು.

"ಅಂಕಲ್, ಸ್ಮಾಲ್ ಪ್ರಾಬ್ಲಂ," ಎಂದಳು. "ಅರುವತ್ತು ದಾಟಿದವರಿಗೆ ಇನ್ಶೂರೆನ್ಸ್ ಕವರ್ ಇಲ್ಲ."

"ನನಗೆ ಐವತ್ತೆಂಟು!" ಅಭ್ಯಾಸಬಲದಿಂದ ಐತಪ್ಪನವರ ಎದೆ ಉಬ್ಬಿತು. "ಪಾಸ್‌ಪೋರ್ಟ್ ನೋಡು ಬೇಕಾದರೆ. ಜೂನ್ ಒಂದು."

"ನಂದೂ ಜೂನ್ ಒಂದಽ," ಡಾಕ್ಟರು ನಕ್ಕರು. "ಸಾಲಿ ಮಾಸ್ತರ್ರು ಊರಾಗಿನ ಹುಡುಗರ್ನೆಲ್ಲಾ ಒಂದಽ ದಿನ ಹುಟ್ಟಿಸಿಬಿಡ್ತಿದ್ರು!"

"ಅದೇ ಪ್ರಾಬ್ಲಂ. ರಿಯಲ್ ಏಜ್ ಗೊತ್ತಿದ್ದೂ ನಾನು ಹೈಡ್ ಮಾಡೋಕಾಗಲ್ಲ. ಅತ್ತೆ ಪಪ್ಪನ ಜಾತಕ ವಾಟ್ಸ್ಯಾಪ್ ಮಾಡಿದ್ದಾರೆ. ಹೀ ಈಸ್ ಸಿಕ್ಸ್ಟಿ ಒನ್."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಐತಪ್ಪನವರ ಹೆಂಡತಿ ಮೋಹಿನಿ ಹೊರಗೆ ಇಣುಕಿದರು. "ಅರುವತ್ತೊಂದಾ? ಹಾಗಾದರೆ ಮದುವೆಗೆ ಮೊದಲು ನನ್ನ ಅಪ್ಪನಿಗೆ ತೋರಿಸಿದ್ದು ಯಾರ ಜಾತಕ?"

ಹದಿನಾಲ್ಕು ಜನರನ್ನು ಮಲಗಿಸಿದ ಚಾಂಪಿಯನ್ ಡಾಕ್ಟರರಿಗೆ ಗೋಳಿಬಜೆ ಬಡಿಸಲು ನಿಂತರು. ಡಾಕ್ಟರು ಬೇಸರದಲ್ಲಿ ಎರಡು ಪ್ಲೇಟು ಗೋಳಿಬಜೆ ತಿಂದು, "ನಿಮ್ಮಂಥಾ ಜೋಡಿ ನನಗಿನ್ನ ಎಲ್ಲಿ ಸಿಗಬೇಕ್ರೀ," ಎಂದು ಎದ್ದರು. ಬಾಗಿಲವರೆಗೆ ಬಿಡಲು ಹೋದ ಐತಪ್ಪನವರಿಗೆ ಜೀವ ಮರಳಿ ಬಂದಿತ್ತು. "ಪ್ರಾಯ ಒಂದು ಅಡ್ಡ ಬಂತು ಮಾರಾಯ್ರೆ. ಇಲ್ಲದಿದ್ದರೆ ಎರಡನೇ ಸುತ್ತಿಗೇ ನಿಮ್ಮನ್ನು ಮಲಗಿಸುತ್ತಿದ್ದೆ," ಎಂದು ಭುಜ ತಟ್ಟಿ ಕಳಿಸಿದರು.

ತಿರುಗಿ ಬಂದಾಗ ವಿಜೇತಾ ಅಮ್ಮನನ್ನು ಸಮಾಧಾನ ಮಾಡಲು ಒಳಗೆ ಹೋಗಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಐತಪ್ಪನವರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಇಪ್ಪತ್ತಮೂರರ ಕೆಳಗೆ, ಅವಳು ಇನ್ನೂ ಓದಿ ಹೇಳಿರದ ಒಂದು ಷರತ್ತು ಉಳಿದಿತ್ತು:

'ರಿಂಗಿನ ಮೂಲೆಯಲ್ಲಿ ನೀರಿನ ಬಕೆಟ್ ಹಿಡಿಯಲು ಅನುಭವಸ್ಥರೇ ಬೇಕು. ಇವರಿಗೆ ವಯಸ್ಸಿನ ಮಿತಿ ಇಲ್ಲ.'