ಏಳನೇ ಮೂಗು

"ಹತ್ತಿರದಿಂದ ನೋಡಿದೀನಿ," ಎಂದಳು ಹೆಂಗಸು. "ಈಗ ನಿಮ್ಮನ್ನ ನೋಡ್ತಿದೀನಲ್ಲ, ಇದಕ್ಕಿಂತ ಹತ್ತಿರ."

ಚಿತ್ರಗಾರನ ಎದೆ ಅವಲಕ್ಕಿ ಕುಟ್ಟತೊಡಗಿತು. ಸಾಕ್ಷಿಗಳು ಹೇಳಿದ ಮುಖವನ್ನು ಕಾಗದದ ಮೇಲೆ ಇಳಿಸುವುದು ಠಾಣೆಯಲ್ಲಿ ಅವನ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಸಾಕ್ಷಿಗೆ ಇಷ್ಟು ಹೆದರಿದ್ದಿಲ್ಲ.

ಗಡಿಯಾರದಂಗಡಿಯನ್ನು ದೋಚಿದವರು ಯಾರೆಂದು ಠಾಣೆಯ ಬೆಕ್ಕಿಗೂ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ಸ್‌ಪೆಕ್ಟರನ ಮಣಿಕಟ್ಟಿನಲ್ಲಿ ಎರಡು ತಿಂಗಳಿಂದ ಹೊಸ ಗಡಿಯಾರ ಹೊಳೆಯುತ್ತಿತ್ತು. ಆ ಇನ್ಸ್‌ಪೆಕ್ಟರ ಈಗ ಚಿತ್ರಗಾರನ ಬೆನ್ನ ಹಿಂದೆಯೇ ನಿಂತಿದ್ದ. ಈಕೆ ನಿಜವಾದ ಕಳ್ಳನನ್ನೇ ಕಂಡಿದ್ದರೆ? ಬರೆದರೆ ಈ ಬಡಪಾಯಿ ಹೆಂಗಸು ಠಾಣೆಯ ಮೆಟ್ಟಿಲು ಇಳಿದು ಹೋಗುವಂತಿಲ್ಲ. ಬರೆಯದಿದ್ದರೆ ಇನ್ನು ಮುಂದೆ ಅವನಿಗೆ ನಿದ್ದೆಯಿಲ್ಲ.

ನಿದ್ದೆ ಈಗಲೂ ಇರಲಿಲ್ಲವೆನ್ನಿ. ಎರಡು ತಿಂಗಳ ಹಿಂದೆ, ಇದೇ ಕಳವಿನ ಹೆಸರಿನಲ್ಲಿ ರೈಲು ಹಳಿಯಾಚೆಯ ಯಾರನ್ನೋ ಎಳೆದು ತಂದಿದ್ದರು. ಹಳಿಯಾಚೆಯವರೆಂದರೆ ಮೂರು ತಲೆಮಾರಿನ ಹಿಂದೆ ಕೂಲಿಗೆಂದು ಹಡಗಿನಲ್ಲಿ ಬಂದವರು. ಬಣ್ಣ ಬೇರೆ, ಮೂಗು ಬೇರೆ, ನುಡಿ ಬೇರೆ. ಊರಿನಲ್ಲಿ ಸೂಜಿ ಕಳೆದರೂ ಪೊಲೀಸರ ಜೀಪು ಮೊದಲು ಹಳಿ ದಾಟುತ್ತಿತ್ತು. ಅಂದು ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯಿಂದ ಒಂದು ದನಿ ಕೇಳಿಬಂತು. ಚಿತ್ರಗಾರ ಎದ್ದು ಹೋಗಿ ನೋಡಲಿಲ್ಲ. ಕೂತಲ್ಲೇ ಪೆನ್ಸಿಲ್ ಚೂಪು ಮಾಡಿದ, ಇಡೀ ಡಬ್ಬಿ ಮೋಟಾಗುವವರೆಗೆ. ಆಮೇಲೆ ದನಿ ನಿಂತಿತು, ಬಕೆಟ್ಟಿನಿಂದ ನೀರು ಸುರಿಯುವ ಸದ್ದು ಬಂತು. ಅಂದು ಯಾರನ್ನೂ ಕರೆತಂದಿಲ್ಲವೆಂದು ದಫ್ತರ ಹೇಳುತ್ತದೆ. ಆದರೆ ಪೆನ್ಸಿಲ್ ಹಿಡಿದಾಗಲೆಲ್ಲ ಆ ದನಿ ಅವನ ಕಿವಿಗೆ ಬರುತ್ತಿತ್ತು. ಅವನು ಹೇಡಿ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈ ಹೆಂಗಸೂ ಹಳಿಯಾಚೆಯವಳೇ.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದ ಚಿತ್ರಗಾರ.

"ನಮ್ಮೋರೆಲ್ಲ ನಿಮ್ಮ ಕಣ್ಣಿಗೆ ಒಂದೇ ಥರ ಕಾಣ್ತೀವಂತಲ್ಲ ಸ್ವಾಮಿ. ಅದಕ್ಕೇ ಇರಬೇಕು."

ಇನ್ಸ್‌ಪೆಕ್ಟರ ಹೊಟ್ಟೆ ಕುಣಿಸಿ ನಕ್ಕ. ಹೊರಗೆ ಕೌಂಟರಿನಲ್ಲಿ ಗುಮಾಸ್ತ ಯಾವನೋ ಮುದುಕನನ್ನು ಗದರುತ್ತಿದ್ದ. "ಕಾಣೆಯಾದೋರ ದೂರಿಗೆ ಫೋಟೋ ಬೇಕು ಅಂತ ಎಷ್ಟು ಸಲ ಬಡ್ಕೊಳ್ಳೋದು? ಮುಖ ಇಲ್ದೆ ಯಾರನ್ನ ಹುಡುಕೋದು?"

ಚಿತ್ರಗಾರ ಮೂಗು, ತುಟಿಗಳ ಮಾದರಿ ಚಿತ್ರಗಳ ಪಟ್ಟಿಯನ್ನು ಮುಂದಿಟ್ಟ. ಹಳಿಯಾಚೆಯವರಿಗೆ ಏಳನೇ ಮೂಗು, ನಾಲ್ಕನೇ ತುಟಿ ಎಂದು ಠಾಣೆಯಲ್ಲಿ ರೂಢಿಯಾಗಿ ಹೋಗಿತ್ತು. ಸಾಕ್ಷಿ ಬಾಯಿ ತೆರೆಯುವ ಮೊದಲೇ ಅರ್ಧ ಮುಖ ತಯಾರಿರುತ್ತಿತ್ತು.

ಹೆಂಗಸು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಇದ್ರಲ್ಲಿಲ್ಲ. ನಾನು ಹೇಳ್ತೀನಿ, ನೀವು ಬರೀರಿ."

ಸಾಹೇಬನದೇ ಮುಖ, ಸಂಶಯವಿಲ್ಲ ಎಂದುಕೊಂಡ ಚಿತ್ರಗಾರ. ಆದರೂ ಬರೆಯುತ್ತೇನೆ, ಈ ಒಂದು ಸಲ ಬರೆದೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿದ. ಬೆನ್ನ ಹಿಂದೆ ಇನ್ಸ್‌ಪೆಕ್ಟರನ ನಗು ನಿಂತುಹೋಗಿತ್ತು.

"ಹಣೆ ಅಗಲ. ಎಡಗಡೆ ಕೂದಲು ಎಷ್ಟು ಬಾಚಿದ್ರೂ ಕೂರಲ್ಲ. ಹುಬ್ಬು ಅಷ್ಟು ದಪ್ಪ ಬೇಡ. ಕಿವಿ ಹಿಂದೆ ಹಳೇ ಹೊಲಿಗೆ, ಮೂರು." ಅವಳು ನಿಧಾನವಾಗಿ ಹೇಳಿದಳು. ಅವನು ಬರೆದ, ಅಳಿಸಿದ, ಮತ್ತೆ ಬರೆದ. ಕಣ್ಣನ್ನು ಅವನು ಯಾವಾಗಲೂ ಕೊನೆಗೆ ಬರೆಯುತ್ತಿದ್ದ. ಅವಳು ಕಣ್ಣನ್ನು ಐದು ಸಲ ತಿದ್ದಿಸಿದಳು.

"ಇಷ್ಟು ಸಿಟ್ಟು ಬೇಡ ಸ್ವಾಮಿ. ನಗೋ ಕಣ್ಣು ಅದು."

"ಕಳ್ಳನಿಗೆ ನಗೋ ಕಣ್ಣಂತೆ!" ಎಂದ ಇನ್ಸ್‌ಪೆಕ್ಟರ. ಅವನ ದನಿಗೆ ಜೀವ ಮರಳಿತ್ತು. ಮರಳದೇ ಏನು? ಕಾಗದದ ಮೇಲೆ ಮೂಡಿದ್ದವನು ಇಪ್ಪತ್ತರ ಆಸುಪಾಸಿನ ಹಳಿಯಾಚೆಯ ಯುವಕ. ಚಿತ್ರಗಾರನಿಗೆ ಉಸಿರು ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಮತ್ತೆ ಅದೇ ಕಥೆ, ಅವರ ಪೈಕಿಯ ಇನ್ನೊಬ್ಬ. ಈ ಸಲವಂತೂ ಅವರವಳೇ ಬಂದು ಹಿಡಿದುಕೊಡುತ್ತಿದ್ದಾಳೆ.

ಮುಗಿದಾಗ ಅವಳು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇವನೇ," ಎಂದಳು.

ಇನ್ಸ್‌ಪೆಕ್ಟರ ಚಿತ್ರವನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. "ಹೊಸಬ. ಇವನನ್ನ ನಾನು ಜನ್ಮದಲ್ಲಿ ಕಂಡಿಲ್ಲ. ಕಂಡಿದ್ರೆ ಬಿಡ್ತಿದ್ನಾ?" ಎನ್ನುತ್ತ ಕೆಳಗೆ ರುಜು ಮಾಡಿದ, ತಾರೀಖು ಬರೆದ, ಮೊಹರು ಒತ್ತಿದ. "ಊರಿನ ಒಂದು ಗೋಡೇನೂ ಬಿಡದೆ ಅಂಟಿಸಿ. ಎಲ್ಲಿದ್ರೂ ಎಳ್ಕೊಂಡು ಬನ್ನಿ."

ರುಜುವಾದ ಚಿತ್ರದ ಒಂದು ಪ್ರತಿ ಸಾಕ್ಷಿಗೆ ಕೊಡಬೇಕೆಂಬುದು ನಿಯಮ. ಯಾವ ಸಾಕ್ಷಿಯೂ ಅದನ್ನು ಕೇಳಿದ್ದಿಲ್ಲ. ಇವಳು ಕೇಳಿ ಪಡೆದಳು, ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಚಿತ್ರಗಾರ ಮೆಟ್ಟಿಲವರೆಗೂ ಅವಳ ಹಿಂದೆ ಹೋದ. ಏನೋ ಒಂದು ಅವನನ್ನು ಕೊರೆಯುತ್ತಿತ್ತು.

"ಅಮ್ಮಾ, ಓಡಿಹೋಗ್ತಿರೋ ಕಳ್ಳನ ಕಿವಿ ಹಿಂದಿನ ಹೊಲಿಗೆ ನಿಮಗೆ ಹೇಗೆ ಕಾಣಿಸ್ತು?"

"ಆ ಹೊಲಿಗೆ ಹಾಕೋವಾಗ ನನ್ನ ತೊಡೆ ಮೇಲೇ ಮಲಗಿದ್ದ ಸ್ವಾಮಿ," ಎಂದಳು ಅವಳು. "ಎರಡು ತಿಂಗಳ ಹಿಂದೆ ನಿಮ್ಮ ಜೀಪಲ್ಲಿ ಹೋದೋನು ವಾಪಸ್ ಬರಲಿಲ್ಲ. ಮಗ ಕಾಣ್ತಿಲ್ಲ ಅಂತ ನಾಲ್ಕು ಸಲ ಇದೇ ಕೌಂಟರಿಗೆ ಬಂದೆ, ಫೋಟೋ ತಾ ಅಂದ್ರಿ. ಅವನದು ಒಂದು ಫೋಟೋನೂ ಇರಲಿಲ್ಲ. ಈಗ ನಿಮ್ಮ ಸಾಹೇಬ್ರೇ ರುಜು ಹಾಕಿ ಕೊಟ್ಟಿದಾರೆ."