ಪಟ್ಟಿಯಲ್ಲಿಲ್ಲದ ಚುಕ್ಕಿ

ಶಿಷ್ಯೆ ತಂದಿಟ್ಟ, ಒಂದು ಗ್ಯಾಲಕ್ಸಿಯ ದೂರದ ಲೆಕ್ಕ ತಮ್ಮ ಇಪ್ಪತ್ತು ವರ್ಷದ ಹಿಂದಿನ ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದ್ದು ಕಂಡು ಪ್ರೊಫೆಸರಮ್ಮನಿಗೆ ಖುಷಿಯ ಬದಲು ಗುಮಾನಿ ಹುಟ್ಟಿತು. ಸಾಯುವ ನಕ್ಷತ್ರಗಳು ಹೊರಚೆಲ್ಲಿದ ಅನಿಲದ ಮೋಡಗಳಲ್ಲಿ ಅತಿ ಪ್ರಖರವಾದವು ಎಲ್ಲ ಗ್ಯಾಲಕ್ಸಿಗಳಲ್ಲೂ ಒಂದೇ ಸಮ ಬೆಳಗುತ್ತವೆ. ನಮಗೆ ಅವು ಮಂಕಾಗಿ ಕಂಡಷ್ಟೂ ಗ್ಯಾಲಕ್ಸಿ ದೂರ. ಅವರು ಆ ಗ್ಯಾಲಕ್ಸಿಯ ಚಿತ್ರವನ್ನೂ ಶಿಷ್ಯೆ ಮಾಡಿದ್ದ ಮೋಡಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಬೆರಳಾಡಿಸಿದರು. ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಚುಕ್ಕಿಯೇ ಪಟ್ಟಿಯಲ್ಲಿರಲಿಲ್ಲ.

"ಇದೆಲ್ಲಿ ಹೋಯ್ತಮ್ಮ?"

ಹುಡುಗಿ ತಲೆ ತಗ್ಗಿಸಿದಳು. "ಅದೂ ಅಸಲಿ ಮೋಡಾನೇ ಮೇಡಂ, ಮೂರು ಸಲ ನೋಡ್ದೆ. ಆದ್ರೆ ಸೇರಿಸಿದ್ರೆ ಗ್ಯಾಲಕ್ಸಿ ಹತ್ರ ಬರುತ್ತೆ. ನಿಮ್ಮ ಲೆಕ್ಕ ತಪ್ಪಾಗುತ್ತೆ."

ಅವರ ಹೆಸರು, ಕುರ್ಚಿ ಎಲ್ಲ ನಿಂತಿದ್ದುದು ಆ ಲೆಕ್ಕದ ಮೇಲೆ. ಪ್ರೊಫೆಸರಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಮೇಲೆ ಪೆನ್ನೆತ್ತಿ, ಪಟ್ಟಿಯ ನೆತ್ತಿಯ ಮೇಲೆ ಆ ಚುಕ್ಕಿಯನ್ನು ಬರೆದರು.

"ಈಗ ಲೆಕ್ಕ ಹಾಕು, ನನ್ನೆದುರಿಗೇ."