ಅಪ್ಪಟ ಬೆಳ್ಳಿ

ಅಥೆನ್ಸಿನ ಸಂತೆಕಟ್ಟೆಯಲ್ಲಿ ನಾಣ್ಯ ಪರೀಕ್ಷಿಸಲು ಕೂತಿದ್ದ ಸರ್ಕಾರಿ ಗುಲಾಮ ತಿಬಿಯನ ಮುಂದೆ, ಮಹಾ ಭಾಷಣಕಾರ ದೆಕ್ಸಿಪ್ಪ ಊರಿನ ವಾಡಿಕೆಯಂತೆ ದವಡೆಯಲ್ಲಿಟ್ಟುಕೊಂಡಿದ್ದ ಗೂಬೆ ಮುದ್ರೆಯ ಬೆಳ್ಳಿ ನಾಣ್ಯವನ್ನು ಉಗುಳಿದ.

"ಬೇಗ ನೋಡೋ. ಹಾವುಮೀನು ತರ್ತೀನಿ ಅಂತ ನೆಂಟರಿಗೆ ಹೇಳಿ ಬಂದಿದೀನಿ."

ತಿಬಿಯ ಎಂಜಲು ಒರೆಸಿ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿದ. ಖಣ್ಣೆನ್ನಬೇಕಾದದ್ದು ಬೊದ್ದೆಂದಿತು. ಖೋಟಾ ನಾಣ್ಯ ಬಿಟ್ಟರೆ ಪರೀಕ್ಷಕನಿಗೆ ಐವತ್ತು ಛಡಿಯೇಟು, ಒಳ್ಳೆಯದನ್ನು ಕತ್ತರಿಸಿದರೂ ಐವತ್ತು ಎಂದು ಬೆಳಗ್ಗೆ ತಾನೇ ಸಭೆಯಲ್ಲಿ ಕಾನೂನಾಗಿತ್ತು. ಮಾಡಿಸಿದವನು ಇದೇ ಪುಣ್ಯಾತ್ಮ.

"ಒಳಗೆ ತಾಮ್ರ ಸ್ವಾಮಿ. ಕತ್ತರಿಸಲೇಬೇಕು."

"ಏನಂದೆ? ನನ್ನ ಬಾಯಿಂದ ಬಂದದ್ದು ಖೋಟಾನಾ?"

"ನಿನ್ನ ಬಾಯಿಂದ ಬಂತು ಅಂತಲೇ ಅನುಮಾನ ಕಣಪ್ಪ," ಎಂದಳು ಮೀನು ಮಾರುವ ಮಿಲ್ತೊ. ಸಂತೆಯೆಲ್ಲ ಗೊಳ್ಳೆಂದಿತು.

ತಿಬಿಯ ಉಳಿಯಿಟ್ಟು ಬಡಿದ. ಸೀಳಿನಲ್ಲಿ ತಾಮ್ರ ಕೆಂಪಗೆ ಕಂಡಿತು.

"ಯಾವ ಕಳ್ಳ ಕೊಟ್ಟ? ಹೆಸರು ಹೇಳು, ಹಿಡಿದು ಉಗಿಯೋಣ," ಎಂದಳು ಮಿಲ್ತೊ.

ಹೇಗೆ ಹೇಳುತ್ತಾನೆ, ಪಾಪ! ಸಭೆಯಲ್ಲಿ ತನ್ನ ಪರ ಮಾತಾಡಲೆಂದು ಬೆಳ್ಳಿ ಗಣಿಯ ಗುತ್ತಿಗೆದಾರ ಕೈಗೆ ತುರುಕಿದ್ದ ಲಂಚ ಅದು. ದೆಕ್ಸಿಪ್ಪ ಗಂಟಲು ಸರಿಮಾಡಿಕೊಂಡ.

"ಕತ್ತರಿಸಿದ ನಾಣ್ಯವೆಲ್ಲ ಮಹಾತಾಯಿಯ ಗುಡಿಗೆ ತಾನೇ ಹೋಗೋದು? ಹೋಗಲಿ! ತಾಯಿಗೆ ಇದು ನನ್ನ ಕಾಣಿಕೆ."

ಅಷ್ಟಕ್ಕೇ ಬಿಡಲಿಲ್ಲ ಆಸಾಮಿ. ಗುಡಿಯವರೆಗೂ ಹೋಗಿ, ಗುಡಿಯ ಖರ್ಚಿನಲ್ಲೇ ಕಲ್ಲು ಕೆತ್ತಿಸಿದ: 'ದೆಕ್ಸಿಪ್ಪನು ಮಹಾತಾಯಿಗೆ ಅರ್ಪಿಸಿದ ಅಪ್ಪಟ ಬೆಳ್ಳಿಯ ನಾಣ್ಯ.'

ನಾಲ್ಕನೆಯ ದಿನ ಸಂತೆಯ ಅಧಿಕಾರಿ ಇಬ್ಬರು ಛಡಿಯವರೊಂದಿಗೆ ಬಂದ. ಕೈಯಲ್ಲಿ ಅದೇ ಸೀಳಿದ ನಾಣ್ಯ.

"ಒಳ್ಳೆ ನಾಣ್ಯ ಕತ್ತರಿಸಿದ್ದೀಯಲ್ಲೋ, ಅದೂ ದೇವರದ್ದು! ಬಿಚ್ಚು ಅಂಗಿ."

"ನಿಮ್ಮ ಕೈಯಲ್ಲೇ ಇದೆ ಸ್ವಾಮಿ, ಒಂದ್ಸಲ ನೋಡಿ," ಎಂದು ತಿಬಿಯ ಗೋಗರೆದ.

ಮಿಲ್ತೊ ಮೀನಿನ ಬುಟ್ಟಿ ಬಿಟ್ಟು ಓಡಿಬಂದಳು. "ಅಯ್ಯೋ ನಿಮ್ಮ ಕಣ್ಣಿಗೇನಾಯ್ತು! ತಾಮ್ರ ಕೆಂಪಗೆ ಕಾಣ್ತಿದೆಯಲ್ರೋ!"

ಅಧಿಕಾರಿ ನಾಣ್ಯವನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ಚೆನ್ನಾಗಿಯೇ ನೋಡಿದ.

"ಕಾಣೋದು ಬಿಡಮ್ಮ," ಎಂದ. "ಕಲ್ಲಲ್ಲಿ ಏನು ಕೆತ್ತಿದೆ, ಅದನ್ನ ಓದು."